ಕೇಳಿದರೆ ಉತ್ತರಿಸುತ್ತಿದ್ದ ಯಂತ್ರ

ಈ ದೇಶದ ಜನಸಾಮಾನ್ಯರಿಗೆ ಇಂಟರ್‌ನೆಟ್ ಸಂಪರ್ಕ ಸಿಗಲು ಶುರುವಾದದ್ದು 1995ರ ಆಗಸ್ಟ್ 15ರಂದು. ವಿದೇಶ್ ಸಂಚಾರ್ ನಿಗಮ ಅಂದು ಮುಂಬೈ, ದೆಹಲಿ, ಕಲ್ಕತ್ತ, ಮದ್ರಾಸುಗಳಲ್ಲಿ ಸೇವೆ ಆರಂಭಿಸಿತು. ಬೆಂಗಳೂರಿನ ಸರದಿ ಆಮೇಲೆ ಬಂತು. ದೇಶದಲ್ಲಿ ಸೇವೆ ಶುರುವಾಗಿ ಮೂವತ್ತು ವರ್ಷ ತುಂಬಿದ 2025ರಲ್ಲೇ, ಸೆಪ್ಟೆಂಬರ್ 30ಕ್ಕೆ, ಅಮೆರಿಕದ ಎಒಎಲ್ ಕಂಪನಿ ತನ್ನ ಡಯಲ್‌ಅಪ್ ಸೇವೆಯನ್ನು ನಿಲ್ಲಿಸಿತು. ಟೆಲಿಫೋನ್ ತಂತಿಯ ಮೇಲೆ ಮೋಡೆಮ್ ಕೂಗುತ್ತಿದ್ದ ಕಾಲ ಬಹುಮಟ್ಟಿಗೆ ಮುಗಿದಂತೆಯೇ.

ಆಗ ವೇಗ ಎಷ್ಟಿತ್ತು, ಫೋನ್ ಬಿಲ್ಲು ಎಷ್ಟು ಬರುತ್ತಿತ್ತು ಎಂಬ ನೆನಪುಗಳನ್ನು ಬಹಳ ಜನ ಬರೆದಿದ್ದಾರೆ. ಈ ಬರಹದ ಕಾಳಜಿ ಬೇರೆ. ಯುನಿಕ್ಸ್ ಮತ್ತು ಅದರ ಜಾತಿಗೇ ಸೇರಿದ ಲಿನಕ್ಸ್ ಯಂತ್ರಗಳಿಗೆ ಮೋಡೆಮ್ ಜೋಡಿಸುವುದು, ಅದು ಕೈಕೊಟ್ಟಾಗ ಕಾರಣ ಹುಡುಕಿ ಸರಿಪಡಿಸುವುದು ನಮ್ಮಲ್ಲಿ ಎರಡು ದಶಕಗಳ ಕಾಲ ಒಂದು ವಿದ್ಯೆಯಾಗಿ ಬೆಳೆಯಿತು. ಆ ವಿದ್ಯೆಯಿಂದ ನಾವು ಗಳಿಸಿದ್ದೇನು, ಕಳೆದುಕೊಂಡದ್ದೇನು, ಮುಂದಕ್ಕೆ ಒಯ್ಯಬೇಕಾದದ್ದೇನು ಎಂದು ಲೆಕ್ಕ ಹಾಕಲು ಇದು ಸರಿಯಾದ ಹೊತ್ತು. ಆ ಯಂತ್ರಗಳಿಗೆ ಒಂದು ದೊಡ್ಡ ಗುಣವಿತ್ತು. ಕೇಳಿದರೆ ಉತ್ತರ ಕೊಡುತ್ತಿದ್ದವು. ಬರೀ ಬಳಸುತ್ತಿದ್ದವರು ಬಲ್ಲವರಾದದ್ದು ಆ ಗುಣದಿಂದ. ಇಂದಿನ ಸಾಧನಗಳಲ್ಲೂ ಆ ಗುಣ ಇರಬೇಕೆಂದು ನಾವು ಹಕ್ಕಿನಿಂದ ಕೇಳಬೇಕು ಎಂಬುದು ನನ್ನ ವಾದ.

ಬಂದ ದಾರಿ

ನಮ್ಮಲ್ಲಿ ಈ ಕಥೆ ಶುರುವಾದದ್ದು 1995ಕ್ಕೂ ಮೊದಲೇ. ಎಲೆಕ್ಟ್ರಾನಿಕ್ಸ್ ಇಲಾಖೆ 1986ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವು ಪಡೆದು ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳನ್ನು ಬೆಸೆಯುವ ಅರ್ನೆಟ್ ಜಾಲದ ಯೋಜನೆ ಕೈಗೆತ್ತಿಕೊಂಡಿತು. ಮುಂಬೈನ ರಾಷ್ಟ್ರೀಯ ತಂತ್ರಾಂಶ ತಂತ್ರಜ್ಞಾನ ಕೇಂದ್ರ (ಎನ್‌ಸಿಎಸ್‌ಟಿ), ಐದು ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಅದರ ಮೊದಲ ಪಾಲುದಾರರು. 1987ರಲ್ಲಿ ಎನ್‌ಸಿಎಸ್‌ಟಿಗೂ ಐಐಟಿ ಬಾಂಬೆಗೂ ನಡುವೆ ಟೆಲಿಫೋನ್ ಮೂಲಕ ಇ-ಮೇಲ್ ಓಡಾಡಿತು. ಅದನ್ನು ಹೊತ್ತೊಯ್ದದ್ದು ಯುಯುಸಿಪಿ. ಬೆಲ್ ಲ್ಯಾಬ್ಸ್‌ನ ಮೈಕ್ ಲೆಸ್ಕ್ ರೂಪಿಸಿದ ಈ ತಂತ್ರಾಂಶ 1979ರ ಏಳನೇ ಆವೃತ್ತಿಯ ಯುನಿಕ್ಸ್ ಜೊತೆ ಜಗತ್ತಿಗೆ ಹರಡಿತು. 1983ರಲ್ಲಿ ಪೀಟರ್ ಹನಿಮನ್, ಡೇವಿಡ್ ನೋವಿಟ್ಜ್, ಬ್ರಯಾನ್ ರೆಡ್‌ಮನ್ ಅದನ್ನು ಹೊಸದಾಗಿ ಬರೆದರು. ಅವರು ಕರೆಯ ಸಂರಚನೆಯನ್ನು ಮುಖ್ಯವಾಗಿ ಮೂರು ಕಡತಗಳಲ್ಲಿ ಹಂಚಿದರು: ಯಾರಿಗೆ ಕರೆ ಮಾಡಬೇಕು ಎನ್ನಲು ಸಿಸ್ಟಮ್ಸ್, ಯಾವ ಪೋರ್ಟಿನಿಂದ ಎನ್ನಲು ಡಿವೈಸಸ್, ಆ ಮೋಡೆಮ್ ಜೊತೆ ಹೇಗೆ ಮಾತಾಡಬೇಕು ಎನ್ನಲು ಡಯಲರ್ಸ್. ಮೂರೂ ಯಂತ್ರದ ನಿರ್ವಾಹಕರು ತೆರೆದು ಓದಬಹುದಾದ ಸಾದಾ ಪಠ್ಯ.

ಅದೇ ಹೊತ್ತಿಗೆ ಬ್ಯಾಂಕುಗಳಿಗೂ ಯುನಿಕ್ಸ್ ಬಂತು. ರಂಗರಾಜನ್ ಸಮಿತಿಯ 1984 ಮತ್ತು 1989ರ ವರದಿಗಳ ಬೆನ್ನಿಗೆ ಶಾಖೆಗಳ ಗಣಕೀಕರಣ ಶುರುವಾಯಿತು. ಅನೇಕ ಕಡೆ ಯುನಿಕ್ಸ್ ಓಡುವ ಒಂದು ಯಂತ್ರ, ಅದಕ್ಕೆ ಹತ್ತಾರು ಟರ್ಮಿನಲ್‌ಗಳು, ಪಕ್ಕದಲ್ಲಿ ಕೆಂಪು ದೀಪಗಳ ಒಂದು ಮೋಡೆಮ್ ಬಂದು ಕೂತವು. ಮನೆಗಳಿಗೆ ಬಂದದ್ದು ಲಿನಕ್ಸ್. ಕಂಪ್ಯೂಟರ್ ಪತ್ರಿಕೆಗಳು ಲಗತ್ತಿಸುತ್ತಿದ್ದ ಸಿ.ಡಿ.ಗಳಿಂದ ಅದನ್ನು ಅನುಸ್ಥಾಪಿಸಿಕೊಂಡ ವಿದ್ಯಾರ್ಥಿಗಳು ಮೊದಲು ಮುಗ್ಗರಿಸುತ್ತಿದ್ದುದೇ ಮೋಡೆಮ್ ಹತ್ತಿರ. ಮುಗ್ಗರಿಸಿ ಎದ್ದವರಲ್ಲಿ ಬಹುಮಂದಿ ಮುಂದೆ ಈ ನಾಡಿನ ಸರ್ವರ್ ಕೋಣೆಗಳನ್ನು ನಡೆಸಿದರು.

ಕೊಂಡಿಯಿಂದ ಕೊಂಡಿಗೆ

ಡಯಲ್‌ಅಪ್ ಸಂಪರ್ಕ ಒಂದು ಉದ್ದದ ಸರಪಳಿ. ಡಯಲ್ ಮಾಡುವ ಪ್ರೋಗ್ರಾಂ, ಕರ್ನಲ್‌ನ ಸೀರಿಯಲ್ ಡ್ರೈವರ್, ಪೋರ್ಟು ಕರ್ನಲ್‌ನ ಗಮನ ಸೆಳೆಯುವ ಇಂಟರಪ್ಟ್, ಪೋರ್ಟಿನ ಚಿಪ್, ಕೇಬಲ್, ಮೋಡೆಮ್, ಮನೆಯಿಂದ ಕಂಬದವರೆಗಿನ ತಾಮ್ರ, ಎಕ್ಸ್‌ಚೇಂಜ್, ಆಚೆ ಬದಿಯ ಮೋಡೆಮ್, ಅಲ್ಲಿನ ಲಾಗಿನ್, ಕೊನೆಗೆ ಇಂಟರ್‌ನೆಟ್ ದತ್ತಾಂಶವನ್ನು ಆ ಸಂಪರ್ಕದ ಮೇಲೆ ಸಾಗಿಸುವ ಪಿಪಿಪಿ. ಯಾವ ಕೊಂಡಿ ಕಳಚಿದರೂ ಬಳಕೆದಾರನಿಗೆ ಕಾಣುವುದು ಒಂದೇ: ಸಂಪರ್ಕ ಇಲ್ಲ. ಆದರೆ ಪ್ರತಿ ಕೊಂಡಿಯನ್ನೂ ಬೇರೆಯಾಗಿ ವಿಚಾರಿಸಲು ಒಂದೊಂದು ದಾರಿಯಿತ್ತು.

ಮೊದಲ ಪ್ರಶ್ನೆ ಎರಡೇ ಅಕ್ಷರದ್ದು. ಮೋಡೆಮ್ ಜೊತೆ ನೇರವಾಗಿ ಮಾತಾಡಿಸುವ ಮಿನಿಕಾಮ್ ಅಥವಾ ‘ಸಿಯು’ ಪ್ರೋಗ್ರಾಂ ತೆರೆದು ‘ಎಟಿ’ ಎಂದು ಟೈಪಿಸಿ ಎಂಟರ್ ಒತ್ತಿದರೆ ಮೋಡೆಮ್ ‘ಓಕೆ’ ಎನ್ನಬೇಕು. 1981ರಲ್ಲಿ ಹೇಯ್ಸ್ ಕಂಪನಿ ತನ್ನ ಸ್ಮಾರ್ಟ್‌ಮೋಡೆಮ್‌ಗೆ ಕಲಿಸಿದ ಭಾಷೆ ಇದು. ಉಳಿದ ತಯಾರಕರೂ ಇದನ್ನೇ ಒಪ್ಪಿಕೊಂಡಿದ್ದರಿಂದ ಯಾವ ಊರಿನ ಯಾವ ಮೋಡೆಮ್ ಮುಂದೆ ಕೂತರೂ ಈ ಪ್ರಶ್ನೆ ಕೇಳಬಹುದಿತ್ತು. ‘ಓಕೆ’ ಬಂದರೆ ಪೋರ್ಟು, ಕೇಬಲ್ಲಿನ ದತ್ತಾಂಶದ ತಂತಿಗಳು, ಮೋಡೆಮ್‌ನ ವಿದ್ಯುತ್ತು ಎಲ್ಲವೂ ಒಂದೇ ಏಟಿಗೆ ಅನುಮಾನದಿಂದ ಪಾರು.

‘ಓಕೆ’ ಬಾರದಿದ್ದರೆ ಯಂತ್ರದೊಳಕ್ಕೆ ನೋಡಬೇಕು. ಪಿಸಿಯಲ್ಲಿ ಮೊದಲ ಮತ್ತು ಮೂರನೇ ಸೀರಿಯಲ್ ಪೋರ್ಟುಗಳಿಗೆ 4ನೇ ಇಂಟರಪ್ಟ್, ಎರಡನೆಯ ಮತ್ತು ನಾಲ್ಕನೆಯವಕ್ಕೆ 3ನೇ ಇಂಟರಪ್ಟ್ ವಾಡಿಕೆಯಾಗಿತ್ತು. ಮೌಸ್ ಮೊದಲನೆಯದರಲ್ಲಿ, ಒಳಗಿನ ಮೋಡೆಮ್ ಕಾರ್ಡು ಮೂರನೆಯದರಲ್ಲಿ ಕೂತರೆ ಎರಡಕ್ಕೂ ಜಗಳ. ಇಂಟರಪ್ಟ್ ತಪ್ಪಿದ್ದಾಗ ಲಕ್ಷಣ ಸ್ಪಷ್ಟವಾಗಿರುತ್ತಿತ್ತು: ಟೈಪಿಸಿದ ಅಕ್ಷರಗಳು ಹಲವು ಸೆಕೆಂಡ್ ತಡವಾಗಿ, ಗುಂಪುಗುಂಪಾಗಿ ತೆರೆಗೆ ಬರುತ್ತಿದ್ದವು. ‘ಸೆಟ್‌ಸೀರಿಯಲ್’ ಆದೇಶ ಕೊಟ್ಟರೆ ಕರ್ನಲ್ ತಾನು ನಂಬಿರುವ ವಿಳಾಸ, ಇಂಟರಪ್ಟ್ ಮತ್ತು ಚಿಪ್‌ನ ಹೆಸರನ್ನು ಹೇಳುತ್ತಿತ್ತು. ಕರ್ನಲ್ ನಂಬಿದ್ದೂ ಕಾರ್ಡಿನ ಜಂಪರ್ ಹೇಳಿದ್ದೂ ಬೇರೆಬೇರೆಯಾಗಿದ್ದರೆ ದೋಷ ಅಲ್ಲೇ ಸಿಕ್ಕಿತು. ಚಿಪ್‌ನ ಹೆಸರಿಗೂ ಬೆಲೆಯಿತ್ತು. 16450 ಚಿಪ್‌ನಲ್ಲಿ ಒಂದೇ ಬೈಟಿಗೆ ಜಾಗ, 16550ಎ ಚಿಪ್‌ನಲ್ಲಿ 16 ಬೈಟುಗಳಿಗೆ. ವೇಗದ ಮೋಡೆಮ್ ಹಳೆಯ ಚಿಪ್‌ಗೆ ಬಿದ್ದರೆ ದೊಡ್ಡ ಕಡತ ಇಳಿಸುವಾಗ ಅಕ್ಷರಗಳು ಕಳೆದುಹೋಗುತ್ತಿದ್ದವು.

ಮೂರನೆಯದು ನಮ್ಮಂಥ ದೇಶಗಳಲ್ಲಿ ಕಾಡಿದ ತೊಡಕು. ರಿಸೀವರ್ ಕಿವಿಗಿಟ್ಟರೆ ಡಯಲ್ ಟೋನ್ ಚೆನ್ನಾಗಿ ಕೇಳುತ್ತದೆ, ಮೋಡೆಮ್ ಮಾತ್ರ ‘ನೋ ಡಯಲ್‌ಟೋನ್’ ಎಂದು ಹಟ ಹಿಡಿಯುತ್ತದೆ. ಕಾರಣ ಎರಡು ದೇಶಗಳ ನಾದಭೇದ. ಅಮೆರಿಕದ ಡಯಲ್ ಟೋನ್ 350 ಮತ್ತು 440 ಹರ್ಟ್ಸ್‌ಗಳ ಜೋಡಿ. ನಮ್ಮದು 400 ಹರ್ಟ್ಸ್ ಸುತ್ತ ಕಂಪಿಸುವ ಸ್ವರ. ಅಲ್ಲಿಗೆಂದು ತಯಾರಾದ ಮೋಡೆಮ್‌ಗೆ ನಮ್ಮ ಟೋನ್ ಗುರುತು ಸಿಗುತ್ತಿರಲಿಲ್ಲ. ‘ಎಟಿಎಕ್ಸ್3’ ಎಂದು ಹೇಳಿದರೆ ಅದು ಟೋನಿಗೆ ಕಾಯದೆ ಡಯಲ್ ಮಾಡುತ್ತಿತ್ತು. ಈ ಒಂದು ಸಾಲು ತಿಳಿಯದೆ ಎಷ್ಟೋ ಜನ ಒಳ್ಳೆಯ ಮೋಡೆಮ್‌ಗಳನ್ನು ಅಂಗಡಿಗೆ ವಾಪಸು ಕೊಟ್ಟರು. ಎಕ್ಸ್‌ಚೇಂಜ್ ಯಾವುದೆಂಬುದೂ ಮುಖ್ಯವಾಗಿತ್ತು. ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ರೂಪಿಸಿದ 128 ಸಂಪರ್ಕಗಳ ಗ್ರಾಮೀಣ ಡಿಜಿಟಲ್ ಎಕ್ಸ್‌ಚೇಂಜ್ 1986ರಲ್ಲಿ ಮೊದಲು ಕಾರ್ಯಾರಂಭ ಮಾಡಿದ್ದು ನಮ್ಮ ಕಿತ್ತೂರಿನಲ್ಲಿ. ಆದರೂ ಹಳೆಯ ಯಾಂತ್ರಿಕ ಎಕ್ಸ್‌ಚೇಂಜುಗಳು ಬಹಳ ಕಾಲ ಉಳಿದವು. ಅಂಥ ಊರುಗಳಲ್ಲಿ ಟೋನ್ ಡಯಲಿಂಗ್‌ನ ‘ಎಟಿಡಿಟಿ’ ನಡೆಯುತ್ತಿರಲಿಲ್ಲ, ಪಲ್ಸ್ ಡಯಲಿಂಗ್‌ನ ‘ಎಟಿಡಿಪಿ’ಯೇ ಬೇಕಿತ್ತು.

ಕೊನೆಯ ಕೊಂಡಿ ಪಿಪಿಪಿ. ಮೋಡೆಮ್‌ಗಳು ಕೈಕುಲುಕಿದ ಮೇಲೂ ಸಂಪರ್ಕ ಬಿದ್ದುಹೋದರೆ ಕಾರಣ ಲಾಗ್ ಕಡತದಲ್ಲಿ ಇರುತ್ತಿತ್ತು. ‘ಸೀರಿಯಲ್ ಲೈನ್ ಈಸ್ ಲೂಪ್ಡ್ ಬ್ಯಾಕ್’ ಎಂಬ ಸಂದೇಶ ಓದಿದ ಹೊಸಬರು ಕೇಬಲ್ ಬಿಚ್ಚಲು ಹೊರಡುತ್ತಿದ್ದರು. ಬಹುತೇಕ ಸಲ ಕೇಬಲ್ಲಿನಲ್ಲಿ ಏನೂ ಆಗಿರುತ್ತಿರಲಿಲ್ಲ. ಆಚೆ ಬದಿ ಇನ್ನೂ ಲಾಗಿನ್ ಕೇಳುತ್ತ ಕೂತಿರುತ್ತಿತ್ತು, ನಾವು ಕಳಿಸಿದ್ದನ್ನೇ ನಮಗೆ ಮರಳಿಸುತ್ತಿತ್ತು. ಸರಿಪಡಿಸಬೇಕಾದದ್ದು ಹೆಸರು ಮತ್ತು ಪಾಸ್‌ವರ್ಡ್ ಕಳಿಸುವ ಚಾಟ್ ಸ್ಕ್ರಿಪ್ಟನ್ನು.

ಒಂದು ಶಾಖೆಯ ಪ್ರಸಂಗ

ಮಲೆನಾಡಿನ ತಾಲ್ಲೂಕು ಊರೊಂದರ ಬ್ಯಾಂಕ್ ಶಾಖೆಯ ಪ್ರಸಂಗವನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. ಮೇಲೆ ಹೇಳಿದ ಗುಣ ನನಗೆ ಪೂರ್ತಿ ಅರ್ಥವಾದದ್ದು ಅಲ್ಲಿ. ಎಸ್‌ಸಿಒ ಯುನಿಕ್ಸ್ ಯಂತ್ರ, ಹೊರಗೆ ಇಟ್ಟ ಮೋಡೆಮ್. ವಲಯ ಕಚೇರಿಯವರು ಸಂಜೆ ಕರೆ ಮಾಡಿ, ಲಾಗಿನ್ ಆಗಿ, ದಿನದ ಲೆಕ್ಕ ಎತ್ತಿಕೊಳ್ಳುತ್ತಿದ್ದರು. ಒಂದು ಸಂಜೆ ಕರೆ ಮಧ್ಯದಲ್ಲೇ ಕಡಿಯಿತು. ಮತ್ತೆ ಕರೆ ಮಾಡಿದಾಗ ಯಂತ್ರ ಹೆಸರನ್ನೂ ಕೇಳಲಿಲ್ಲ, ಪಾಸ್‌ವರ್ಡನ್ನೂ ಕೇಳಲಿಲ್ಲ. ನೇರವಾಗಿ ಆದೇಶಕ್ಕೆ ಕಾಯುವ ಡಾಲರ್ ಚಿಹ್ನೆ ತೋರಿಸಿತು. ಮೊದಲಿನ ಕರೆಯವರು ಬಿಟ್ಟುಹೋದ ಅಧಿವೇಶನದೊಳಕ್ಕೇ ಎರಡನೆಯ ಕರೆ ಹೊಕ್ಕಿತ್ತು. ಅಂದರೆ ಆ ಫೋನ್ ನಂಬರು ಗೊತ್ತಿದ್ದ ಯಾರಾದರೂ ಸರಿಯಾದ ಗಳಿಗೆಗೆ ಕರೆ ಮಾಡಿದ್ದರೆ ಶಾಖೆಯ ಖಾತೆಗಳ ಮುಂದೆ ಕೂತಿರುತ್ತಿದ್ದರು.

ಕರೆ ಕಡಿದ ಸುದ್ದಿ ಯುನಿಕ್ಸ್‌ಗೆ ತಲುಪುವುದು ಒಂದೇ ಹಾದಿಯಲ್ಲಿ. ಆಚೆಯ ಮೋಡೆಮ್‌ನ ಸಂಕೇತ ನಿಂತಾಗ ಈಚೆಯ ಮೋಡೆಮ್ ‘ಕ್ಯಾರಿಯರ್ ಡಿಟೆಕ್ಟ್’ ಎಂಬ ತಂತಿಯನ್ನು ಕೆಳಗಿಳಿಸುತ್ತದೆ. ಕರ್ನಲ್ ಅದನ್ನು ಗಮನಿಸಿ ಆ ಅಧಿವೇಶನವನ್ನು ಮುಗಿಸುತ್ತದೆ. ಹಾಗಾಗಿ ಮೊದಲ ಅನುಮಾನ ಮೋಡೆಮ್ ಮೇಲೆ. ಕ್ಯಾರಿಯರ್ ಸದಾ ಇದೆ ಎಂದು ತೋರಿಸುವಂತೆ ಅದನ್ನು ಇಟ್ಟಿರಬಹುದೇ? ಕರೆ ಮಾಡಿಸಿ, ಕಡಿಸಿ, ‘ಸಿಡಿ’ ಎಂದು ಬರೆದ ದೀಪವನ್ನು ನೋಡಿದೆವು. ಕರೆ ಕಡಿದೊಡನೆ ದೀಪ ಆರಿತು. ಮೋಡೆಮ್ ತನ್ನ ಕೆಲಸ ಮಾಡುತ್ತಿದೆ ಎಂದಾಯಿತು. ಆದರೂ ಯಂತ್ರದೊಳಗೆ ಯಾರಿದ್ದಾರೆಂದು ಹೇಳುವ ‘ಹೂ’ ಆದೇಶ ಕೊಟ್ಟರೆ ಹಳೆಯ ಬಳಕೆದಾರ ಒಳಗೇ ಇದ್ದ. ಮೋಡೆಮ್ ಹೇಳಿದ್ದು ಯಂತ್ರಕ್ಕೆ ಕೇಳಿಸಿಲ್ಲ ಎಂದರೆ ಉಳಿದದ್ದು ನಡುವಿನ ಕೇಬಲ್.

ಕೇಬಲ್ಲಿನ 25 ಪಿನ್ನುಗಳ ತಲೆಯ ಸ್ಕ್ರೂ ಬಿಚ್ಚಿದಾಗ ಬೆಸುಗೆ ಕಂಡದ್ದು ಮೂರೇ ಪಿನ್ನುಗಳಿಗೆ: 2, 3 ಮತ್ತು 7. ಕಳಿಸುವ ತಂತಿ, ಪಡೆಯುವ ತಂತಿ, ನೆಲದ ತಂತಿ. ಪ್ರಿಂಟರಿಗೋ ಟರ್ಮಿನಲ್‌ಗೋ ಸಾಕಾಗುವ ಆ ಕೇಬಲನ್ನು ಯಾರೋ ಮೋಡೆಮ್‌ಗೆ ಹಾಕಿದ್ದರು. ಕ್ಯಾರಿಯರ್‌ನ ಸುದ್ದಿ ತರಬೇಕಾದ 8ನೇ ಪಿನ್ನು, ‘ಫೋನ್ ಇಡು’ ಎಂದು ಯಂತ್ರ ಮೋಡೆಮ್‌ಗೆ ಹೇಳಬೇಕಾದ 20ನೇ ಪಿನ್ನು ಎರಡೂ ಖಾಲಿ. ಎಲ್ಲ ತಂತಿಗಳಿರುವ ಕೇಬಲ್ ಹಾಕಿದ್ದಾಯಿತು. ಅದು ಅರ್ಧ ಕೆಲಸ ಮಾತ್ರ. ಎಸ್‌ಸಿಒನಲ್ಲಿ ಒಂದೇ ಪೋರ್ಟಿಗೆ ಎರಡು ಹೆಸರು. ಕೊನೆಯ ಅಕ್ಷರ ಚಿಕ್ಕದಾದ ‘ಟಿಟಿವೈ1ಎ’ ಮೋಡೆಮ್‌ನ ಸಂಕೇತಗಳನ್ನು ಲೆಕ್ಕಿಸುವುದಿಲ್ಲ, ಅಕ್ಷರ ದೊಡ್ಡದಾದರೆ ಲೆಕ್ಕಿಸುತ್ತದೆ. ಲಾಗಿನ್ ಕಾಯುತ್ತಿದ್ದದ್ದು ಚಿಕ್ಕಕ್ಷರದ ಹೆಸರಿನಲ್ಲಿ. ಅದನ್ನು ‘ಡಿಸೇಬಲ್’ ಮಾಡಿ ದೊಡ್ಡಕ್ಷರದ್ದನ್ನು ‘ಎನೇಬಲ್’ ಮಾಡಿದೆವು. ಮೋಡೆಮ್‌ಗೆ ‘&ಸಿ1&ಡಿ2’ (ಕ್ಯಾರಿಯರ್ ಇದ್ದಂತೆ ತೋರಿಸು, ಯಂತ್ರ ಹೇಳಿದಾಗ ಫೋನ್ ಇಡು) ಎಂದು ಕೊಟ್ಟು, ವಿದ್ಯುತ್ ಹೋದರೂ ಮರೆಯದಂತೆ ‘&ಡಬ್ಲ್ಯೂ’ ಹೊಡೆದು ಉಳಿಸಿದೆವು. ಮತ್ತೆ ಕರೆ ಮಾಡಿಸಿ ಕಡಿಸಿದಾಗ ದೀಪ ಆರಿದ ಕ್ಷಣಕ್ಕೆ ಬಳಕೆದಾರ ಹೊರಬಿದ್ದ. ಮುಂದಿನ ಕರೆಗೆ ಲಾಗಿನ್ ಸಾಲು ಬಂತು.

ಈ ಪತ್ತೆಗೆ ಬೇಕಾದದ್ದು ಒಂದು ದೀಪ, ಒಂದು ಆದೇಶ, ಒಂದು ಸ್ಕ್ರೂಡ್ರೈವರ್. ಮೋಡೆಮ್, ಯಂತ್ರ, ಕೇಬಲ್ ಮೂರೂ ತಮ್ಮ ಸ್ಥಿತಿಯನ್ನು ಮುಚ್ಚಿಡದೆ ತೋರಿಸಿದವು. ಶಾಖೆಯ ಗುಮಾಸ್ತರು ಪಕ್ಕದಲ್ಲಿ ನಿಂತು ನೋಡಿದರು. ಮುಂದಿನ ಸಲ ಮೋಡೆಮ್ ಕೈಕೊಟ್ಟಾಗ ದೀಪಗಳನ್ನು ಓದಿ ಫೋನಿನಲ್ಲೇ ಹೇಳಿದವರು ಅವರೇ.

ಗಳಿಕೆ ಮತ್ತು ಋಣ

ಮೊದಲ ಗಳಿಕೆ ವಿಚಾರಣೆಯ ಶಿಸ್ತು. ಸರಪಳಿಯನ್ನು ಮಧ್ಯದಲ್ಲಿ ತುಂಡರಿಸಿ, ಯಾವ ಅರ್ಧ ಸರಿಯಿದೆ ಎಂದು ಖಚಿತಪಡಿಸಿಕೊಂಡು, ಉಳಿದ ಅರ್ಧವನ್ನು ಮತ್ತೆ ತುಂಡರಿಸುವುದು. ಒಂದು ಸಲಕ್ಕೆ ಒಂದನ್ನೇ ಬದಲಿಸುವುದು. ಏನು ಬದಲಿಸಿದೆವು ಎಂದು ಬರೆದಿಡುವುದು. ಇಂದು ಕ್ಲೌಡ್ ಸರ್ವರ್ ಬಿದ್ದಾಗ ಬೆಂಗಳೂರಿನ ಇಂಜಿನಿಯರ್ ಅನುಸರಿಸುವುದೂ ಇದನ್ನೇ.

ಎರಡನೆಯದು ಬರಹದ ಸಂಪತ್ತು. ‘ಹೌಟು’ ಎಂದು ಕರೆಯುತ್ತಿದ್ದ ಕೈಪಿಡಿಗಳಲ್ಲಿ ಗ್ರೆಗ್ ಹ್ಯಾಂಕಿನ್ಸ್ ಬರೆದ ಸೀರಿಯಲ್ ಹೌಟು, ಡೇವಿಡ್ ಲಾಯರ್ ವರ್ಷಗಟ್ಟಲೆ ತಿದ್ದುತ್ತ ಬಂದ ಮೋಡೆಮ್ ಹೌಟು ಲಿನಕ್ಸ್ ಜೊತೆಯಲ್ಲೇ ಉಚಿತವಾಗಿ ಬರುತ್ತಿದ್ದವು. ಲಕ್ಷಣ ಹೇಳಿ, ಕಾರಣ ವಿವರಿಸಿ, ಪರೀಕ್ಷೆ ತೋರಿಸುವ ಬರಹಗಳು ಅವು. ಶುಲ್ಕ ಕಟ್ಟಿ ತರಬೇತಿ ಪಡೆಯಲಾಗದ ಹಾಸನ, ಗದಗ, ರಾಯಚೂರಿನ ಹುಡುಗ ಹುಡುಗಿಯರಿಗೆ ಅವೇ ಗುರು. ಆ ಲೇಖಕರಿಗೆ ನಾವು ಋಣಿಗಳು.

ಮೂರನೆಯದು ಸಮಾನ ಭಾಷೆ. ಹೇಯ್ಸ್ ಕಂಪನಿ 1999ರ ಹೊತ್ತಿಗೆ ಮುಚ್ಚಿಹೋಯಿತು, ಅದರ ಆದೇಶಗಳು ಉಳಿದವು. ಮೊಬೈಲ್ ಸಂಪರ್ಕದ ಅಂತರರಾಷ್ಟ್ರೀಯ ಮಾನದಂಡಗಳೇ ಅವುಗಳನ್ನು ವಿಸ್ತರಿಸಿ ಸೇರಿಸಿಕೊಂಡಿವೆ. ಇಂದಿಗೂ ಡೇಟಾ ಡಾಂಗಲ್ ಒಂದನ್ನು ಲಿನಕ್ಸ್‌ಗೆ ಚುಚ್ಚಿದರೆ ಎಷ್ಟೋ ಸಲ ಅದು ಸೀರಿಯಲ್ ಪೋರ್ಟಿನ ರೂಪದಲ್ಲೇ ಕಾಣಿಸಿಕೊಂಡು, ‘ಎಟಿ’ ಎಂದರೆ ‘ಓಕೆ’ ಎನ್ನುತ್ತದೆ.

ನಷ್ಟ

ಮೊದಲ ಪೆಟ್ಟು ಬಿದ್ದದ್ದು 90ರ ದಶಕದ ಕೊನೆಗೆ, ವಿನ್‌ಮೋಡೆಮ್‌ಗಳಿಂದ. ಬೆಲೆ ಇಳಿಸಲು ತಯಾರಕರು ಮೋಡೆಮ್‌ನ ಸ್ವಂತ ಬುದ್ಧಿಯನ್ನು ತೆಗೆದು, ಆ ಕೆಲಸವನ್ನು ಕಂಪ್ಯೂಟರಿನ ಪ್ರೊಸೆಸರ್‌ಗೆ ಹೊರಿಸಿದರು. ಅದನ್ನು ನಡೆಸುವ ತಂತ್ರಾಂಶ ಕೊಟ್ಟದ್ದು ಬಹುತೇಕ ವಿಂಡೋಸ್‌ಗೆ ಮಾತ್ರ. ಚಿಪ್‌ನ ವಿವರಗಳನ್ನು ಬಹುತೇಕರು ಹೊರಬಿಡಲಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಜೋಡಿಸಿಕೊಂಡ ಅಗ್ಗದ ಪಿಸಿಗಳಲ್ಲಿ ಇಂಥ ಕಾರ್ಡುಗಳೇ ತುಂಬಿದವು. ಲಿನಕ್ಸ್ ಹಾಕಿಕೊಂಡವನು ‘ಎಟಿ’ ಎಂದರೆ ಉತ್ತರವಿಲ್ಲ. ಕೇಬಲ್ ಸರಿಯಿದೆ, ಇಂಟರಪ್ಟ್ ಸರಿಯಿದೆ, ಆದರೆ ಆಚೆ ಬದಿಯಲ್ಲಿ ಉತ್ತರಿಸಲು ಯಾರೂ ಇಲ್ಲ. ಎಷ್ಟು ಜಾಣನಾದರೂ ಬಳಕೆದಾರ ಒಬ್ಬನೇ ಪರಿಹರಿಸಲಾಗದ ದೋಷ ಅದು, ಏಕೆಂದರೆ ಅದನ್ನು ಒಪ್ಪಂದ ಮತ್ತು ಗೋಪ್ಯತೆಯಿಂದ ಕಟ್ಟಲಾಗಿತ್ತು. ಸ್ವಯಂಸೇವಕರು ವರ್ಷಗಟ್ಟಲೆ ದುಡಿದು ಕೆಲವು ಚಿಪ್‌ಗಳಿಗೆ ದಾರಿ ಮಾಡಿಕೊಟ್ಟರು. ಉಳಿದವು ಕಸಕ್ಕೆ ಹೋದವು.

ಎರಡನೇ ನಷ್ಟ ನಮ್ಮದೇ. ಈ ವಿದ್ಯೆ ಕನ್ನಡದಲ್ಲಿ ಬರಹಕ್ಕೆ ಇಳಿಯಲಿಲ್ಲ. ಬ್ಯಾಂಕಿನ ಗುಮಾಸ್ತರು, ಪಾಲಿಟೆಕ್ನಿಕ್ ಉಪನ್ಯಾಸಕರು, ದೂರವಾಣಿ ಇಲಾಖೆಯ ಲೈನ್‌ಮ್ಯಾನ್‌ಗಳು ದಿನವೂ ಕನ್ನಡದಲ್ಲೇ ಮೋಡೆಮ್ ದೋಷಗಳನ್ನು ಚರ್ಚಿಸಿದರು, ಸರಿಪಡಿಸಿದರು. ಅವರು ಕಂಡುಕೊಂಡದ್ದು ಕೈಪಿಡಿಯಾಗಲಿಲ್ಲ. ಯಾವ ಎಕ್ಸ್‌ಚೇಂಜಿಗೆ ಪಲ್ಸ್ ಬೇಕು, ಮಳೆಗಾಲದಲ್ಲಿ ಲೈನಿನ ಗದ್ದಲಕ್ಕೆ ವೇಗವನ್ನು ಎಷ್ಟಕ್ಕೆ ಕಟ್ಟಿಹಾಕಬೇಕು ಎಂಬಂಥ ತಿಳಿವು ಅವರ ನಿವೃತ್ತಿಯೊಂದಿಗೆ ಹೊರಟುಹೋಯಿತು. 2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಬಂದಾಗ ಹೊಸ ಪೀಳಿಗೆ ಮತ್ತೆ ಸೊನ್ನೆಯಿಂದ ಶುರುಮಾಡಬೇಕಾಯಿತು.

ಹಳೆಯದೆಲ್ಲ ಚೆನ್ನಾಗಿತ್ತು ಎಂದು ನಾನು ಹೇಳುತ್ತಿಲ್ಲ. ಒಂದು ಮೋಡೆಮ್ ಜೋಡಿಸಲು ಇಂಟರಪ್ಟ್ ಪಾಠ ಕಲಿಯಬೇಕಾಗಿದ್ದ ಕಾಲದಲ್ಲಿ ಕೋಟ್ಯಂತರ ಜನ ಇಂಟರ್‌ನೆಟ್ ಬಳಸುವುದು ಸಾಧ್ಯವೇ ಇರಲಿಲ್ಲ. ಅಜ್ಜಿಯೊಬ್ಬಳು ಇಂದು ಮೊಮ್ಮಗನ ಜೊತೆ ವಿಡಿಯೊ ಕರೆ ಮಾಡುವುದು ನಿಜವಾದ ಪ್ರಗತಿ. ಸರಾಗವಾಗಿ ನಡೆಯುವಾಗ ಯಂತ್ರ ತೆರೆಮರೆಯಲ್ಲೇ ಇರಲಿ. ಕೆಟ್ಟಾಗಲೂ ಅದು ಬಾಯಿ ಮುಚ್ಚಿಕೊಂಡಿರುವುದಕ್ಕೆ ನನ್ನ ಆಕ್ಷೇಪ.

ಮುಂದಿನ ಕೆಲಸ

ಇದು ಪೇಟೆಯವರ ಸಮಸ್ಯೆ ಮಾತ್ರ ಎಂದುಕೊಳ್ಳಬೇಕಿಲ್ಲ. ತೋಟದ ಪಂಪ್‌ಸೆಟ್ಟಿಗೆ ಹಾಕುವ ಮೊಬೈಲ್ ಸ್ಟಾರ್ಟರನ್ನೇ ನೋಡಿ. ಅದರೊಳಗಿನ ಜಿಎಸ್‌ಎಂ ಮಾಡ್ಯೂಲಿಗೆ ಅದರ ನಿಯಂತ್ರಕ ಚಿಪ್ ಕಳಿಸುವುದು ‘ಎಟಿ’ಯಿಂದ ಶುರುವಾಗುವ ಆದೇಶಗಳನ್ನೇ. ‘ಎಟಿ+ಸಿಎಸ್‌ಕ್ಯೂ’ ಎಂದು ಕೇಳಿದರೆ ಸಿಗ್ನಲ್ಲಿನ ಬಲವನ್ನು ಅದು 0ಯಿಂದ 31ರ ಅಂಕೆಯಲ್ಲಿ ಹೇಳಬಲ್ಲದು. ಸಿಮ್ ಜಾಲಕ್ಕೆ ಸೇರಿದೆಯೇ ಇಲ್ಲವೇ ಎಂಬುದನ್ನೂ ಹೇಳಬಲ್ಲದು. ಮೋಟರು ಶುರುವಾಗದೆ ರೈತ ಕತ್ತಲಲ್ಲಿ ಬೋರ್‌ವೆಲ್ ಹತ್ತಿರ ಹೋಗಿ ನಿಂತಾಗ ಪೆಟ್ಟಿಗೆ ತೋರಿಸುವುದು ಒಂದು ಮಿಣುಕುವ ದೀಪ. ಸಿಗ್ನಲ್ ಇಲ್ಲವೋ, ಸಿಮ್‌ನ ಅವಧಿ ಮುಗಿದಿದೆಯೋ, ಕರೆಂಟಿನ ಒಂದು ಫೇಸ್ ಹೋಗಿದೆಯೋ ಆತನಿಗೆ ತಿಳಿಯದು. ಉತ್ತರ ಒಳಗಿದೆ, ಕೇಳುವ ಬಾಗಿಲನ್ನು ಮಾತ್ರ ಇಟ್ಟಿಲ್ಲ.

2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿನ ಚೌಕಟ್ಟು ರೂಪಿಸಲು ಸಮಿತಿ ರಚಿಸಿತು. ಕೃಷಿ ಉಪಕರಣಗಳೂ ಮೊಬೈಲ್‌ಗಳೂ ಅದರ ವ್ಯಾಪ್ತಿಯಲ್ಲಿವೆ. ಆ ಚರ್ಚೆ ಬಿಡಿಭಾಗಗಳ ಲಭ್ಯತೆಗೆ ನಿಲ್ಲಬಾರದು. ಸಾಧನ ತನ್ನ ದೋಷವನ್ನು ತಾನೇ ಹೇಳುವುದೂ ರಿಪೇರಿ ಹಕ್ಕಿನ ಭಾಗ. ಮೂರು ಬೇಡಿಕೆಗಳನ್ನು ನಾವು ಸ್ಪಷ್ಟವಾಗಿ ಇಡಬಹುದು. ಗ್ರಾಮ ಪಂಚಾಯಿತಿ, ಶಾಲೆ, ಆಸ್ಪತ್ರೆಗಳಿಗೆ ಸಾರ್ವಜನಿಕ ಹಣದಲ್ಲಿ ಕೊಳ್ಳುವ ಪ್ರತಿ ಸಂಪರ್ಕ ಸಾಧನದ ಲಾಗನ್ನೂ ಅಲ್ಲಿನ ಸಿಬ್ಬಂದಿ ತೆರೆದು ಓದುವಂತಿರಬೇಕೆಂಬ ಷರತ್ತು ಟೆಂಡರಿನಲ್ಲಿ ಇರಲಿ. ದೋಷಸಂದೇಶಗಳೂ ಅವುಗಳ ವಿವರಣೆಯೂ ಕನ್ನಡದಲ್ಲಿ ಬರಲಿ. ಐಟಿಐ, ಡಿಪ್ಲೊಮಾ ತರಗತಿಗಳಲ್ಲಿ ದೋಷ ಪತ್ತೆಯನ್ನು ಒಂದು ಪ್ರತ್ಯೇಕ ವಿಷಯವಾಗಿ ಕಲಿಸಲಿ. ಅದಕ್ಕೆ ಒಂದು ಹಳೆಯ ಪಿಸಿ, ಒಂದು ಜಿಎಸ್‌ಎಂ ಮಾಡ್ಯೂಲು, ಒಂದು ಸೀರಿಯಲ್ ಕೇಬಲ್ ಸಾಕು.

ಆ ಕಾಲದ ಕೆಲಸ ಬಲ್ಲವರು ಇನ್ನೂ ನಮ್ಮ ನಡುವೆ ಇದ್ದಾರೆ. ಬ್ಯಾಂಕುಗಳಿಂದ, ದೂರವಾಣಿ ಇಲಾಖೆಯಿಂದ, ಕಾಲೇಜುಗಳಿಂದ ನಿವೃತ್ತರಾದ ಅವರು ತಮಗೆ ತಿಳಿದದ್ದನ್ನು ಕನ್ನಡದಲ್ಲಿ ಬರೆಯಬೇಕು. ವಿಶ್ವವಿದ್ಯಾಲಯಗಳೂ ಪ್ರಾಧಿಕಾರಗಳೂ ಅದನ್ನು ಪ್ರಕಟಿಸಬೇಕು. ಯಾವ ಲಕ್ಷಣಕ್ಕೆ ಯಾವ ಪ್ರಶ್ನೆ, ಆ ಪ್ರಶ್ನೆಗೆ ಯಂತ್ರದ ಯಾವ ಉತ್ತರ, ಆ ಉತ್ತರದಿಂದ ಮುಂದಿನ ಹೆಜ್ಜೆ ಯಾವುದು ಎಂದು ಹೇಳುವ ಇನ್ನೂರು ಪುಟಗಳ ಒಂದು ಪುಸ್ತಕ ಬಂದರೂ, ಮುಂದಿನ ತಂತ್ರಜ್ಞಾನ ಬಂದಾಗ ನಮ್ಮ ಮಕ್ಕಳು ಸೊನ್ನೆಯಿಂದ ಶುರುಮಾಡಬೇಕಾಗುವುದಿಲ್ಲ.